ಒತ್ತೆಗೆ ತಂದ ಬಂದೂಕು

ಪಾತಮ್ಮ ಕರಿಕಂಬಳಿ ಬಿಚ್ಚಿ, ಒಳಗಿದ್ದ ನಾಡಬಂದೂಕನ್ನು ಕಾರ್ಯದರ್ಶಿ ತೋಟಪ್ಪನವರ ಮೇಜಿನ ಮೇಲೆ ಇಟ್ಟಳು. ಅದು ಚಳ್ಳಕೆರೆಯ ಒಂದು ಖಾಸಗಿ ಟಿಸಿಎಚ್ ಕಾಲೇಜಿನ, ಅಂದರೆ ಮೇಷ್ಟ್ರ ತರಬೇತಿ ಕಾಲೇಜಿನ ಆಫೀಸು. ಗುಮಾಸ್ತ ಸಿದ್ದಲಿಂಗೇಶ ರಸೀದಿ ಪುಸ್ತಕವನ್ನು ಎದೆಗೆ ಅವುಚಿಕೊಂಡು ಬೀರುವಿನ ಸಂದಿಗೆ ಸೇರಿಕೊಂಡ. ರಸೀದಿ ಪುಸ್ತಕ ಗುಂಡು ತಡೆಯುತ್ತದೆ ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರೋ!

ಪಾತಮ್ಮನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪಾಪ. ಅವಳು ಬಂದೂಕನ್ನು ಒತ್ತೆ ಇಡಲು ತಂದಿದ್ದಳು. ಬಿ.ಜಿ. ಕೆರೆ ಕಡೆಯ ಅವಳ ಹಟ್ಟಿಯಲ್ಲಿ ಕೈ ಖಾಲಿಯಾದಾಗ ಗಂಗಾಳ, ಕಾಲುಕಡಗ, ಕೊನೆಗೆ ಟಗರನ್ನೂ ಒತ್ತೆ ಇಟ್ಟು ಕೆಲಸ ಸಾಗಿಸುವುದನ್ನು ಹುಟ್ಟಿದಾಗಿನಿಂದ ಕಂಡವಳು. ಮಗ ಈರೇಶನಿಗೆ ಮೇಷ್ಟ್ರಾಗುವ ಆಸೆ. ಸರ್ಕಾರಿ ಸೀಟು ಮೂರೇ ಮೂರು ಅಂಕಕ್ಕೆ ತಪ್ಪಿತ್ತು. ಇಲ್ಲಿ ಕೇಳಿದ ಡೊನೇಷನ್ ಮೂವತ್ತೈದು ಸಾವಿರ. ಇದ್ದ ಹತ್ತು ಕುರಿ ಮಾರಿದರೂ ಅದರ ಕಾಲುಭಾಗ ಹುಟ್ಟುತ್ತಿರಲಿಲ್ಲ. ದುಡ್ಡು ಕಟ್ಟಲು ಕೊನೆಯ ದಿನ ಇವತ್ತೇ.

ನಾಲ್ಕು ದಿನ ತಾಯಿ ಮಗ ಬಂದು ಬಾಗಿಲಲ್ಲಿ ನಿಂತು ಹೋಗಿದ್ದರು. ಒಳಗೆ ಬನ್ನಿ ಎಂದವರಿಲ್ಲ. ನಿನ್ನೆ ಬೇಸತ್ತು ಗಡಿಯಾಚೆಯ ತೆಲುಗು ಸೀಮೆಗೆ ಹೋದ ಈರೇಶ, ಈ ಬಂದೂಕು ಹಿಡಿದುಕೊಂಡು ಮನೆಗೆ ಬಂದ. ಅಲ್ಲಿ ಯಾವನೋ ಯಜಮಾನನಿಗೆ ಕಾವಲಾಗಿ ಹಿಂದೆ ಮುಂದೆ ಓಡಾಡಲು ಹುಡುಗರು ಬೇಕಿತ್ತಂತೆ. ಮಾರ್ಕ್ಸ್ ಕಾರ್ಡು ಕೇಳಲಿಲ್ಲ, ಒಂದು ಪೈಸೆ ಕೇಳಲಿಲ್ಲ. ‘ಪಟ್ಟುಕೋರಾ, ಹಿಡ್ಕೋ, ಇನ್ನು ಇದು ನಿನ್ನದೇ’ ಎಂದು ಕೈಗೆ ಕೊಟ್ಟೇಬಿಟ್ಟರಂತೆ. ಸೋಮವಾರದಿಂದ ಬಾ ಎಂದಿದ್ದಾರಂತೆ. ಪಾತಮ್ಮ ಬಂದೂಕನ್ನು ಅವನ ಕೈಯಿಂದ ಕಿತ್ತು ಕಂಬಳಿಯಲ್ಲಿ ಸುತ್ತಿಟ್ಟಳು. ಅವರ ಹಟ್ಟಿಯ ಮುದ್ದಕ್ಕನ ಮಗನೂ ಹೀಗೇ ಗಡಿ ದಾಟಿ ಹೋದವನು. ಅವನು ಗಾಡಿಯಲ್ಲಿ ವಾಪಸು ಬಂದಾಗ ಮೇಲೆ ಚಾಪೆ ಹೊದಿಸಿದ್ದರು.

“ಇದನ್ನ ಒತ್ತೆ ಇಟ್ಕಳ್ರಿ ಸ್ವಾಮಿ,” ಎಂದಳು ಪಾತಮ್ಮ. “ನನ್ನ ಮಗನಿಗೆ ಸೀಟು ಕೊಡ್ರಿ. ಕೂಲಿನಾಲಿ ಮಾಡಿ ಎರಡು ವರ್ಷದಾಗೆ ತೀರಿಸ್ತೀನಿ.”

ತೋಟಪ್ಪನವರ ಕಿವಿಗೆ ಬಿದ್ದದ್ದು ಸೀಟು ಅನ್ನುವ ಮಾತೊಂದೇ. ನಾಲ್ಕು ದಿನ ಅವಳತ್ತ ಕಣ್ಣೆತ್ತಿಯೂ ನೋಡದ ದೊಡ್ಡ ಮನುಷ್ಯರು ಈಗ ಅಮ್ಮ ಎಂದರು, ತಾಯಿ ಎಂದರು, ಕುರ್ಚಿ ಹಾಕಿಸಿದರು, ಟೀ ತರಿಸುತ್ತೇನೆ ಎಂದರು. ಅರ್ಜಿ ಎಳೆದುಕೊಂಡು ಠಪ್ಪನೆ ಸೀಲು ಒತ್ತಿದರು. ದುಡ್ಡಿನ ಮಾತು ನಿಧಾನಕ್ಕೆ ಆಡಿದರಾಯಿತಂತೆ. ಪಾತಮ್ಮನಿಗೆ ಖುಷಿಯೋ ಖುಷಿ. ಮಾತಿನಂತೆ ಬಂದೂಕನ್ನು ಅವರತ್ತ ಸರಿಸಿದಳು. ತೋಟಪ್ಪನವರು ಕುರ್ಚಿ ಸಮೇತ ಗೋಡೆಗೆ ಹೋಗಿ ಅಂಟಿಕೊಂಡರು.

“ಬೇಡಮ್ಮ, ಅದನ್ನ ನೀವೇ ತಗೊಂಡು ಹೋಗಿ.”

ಆಗ ಅವಳಿಗೆ ಹೊಳೆಯಿತು. ಒತ್ತೆ ಬೇಡದವರು ಸೀಟು ಯಾಕೆ ಕೊಟ್ಟರು? ತಿರುಗಿ, ಬಾಗಿಲಲ್ಲಿ ನಿಂತಿದ್ದ ಮಗನನ್ನು ನೋಡಿದಳು. ನಾಲ್ಕು ದಿನದಿಂದ ಸೊರಗಿದ್ದ ಮುಖದಲ್ಲಿ ನಗು ಬಂದಿತ್ತು. ಅವನು ನೋಡುತ್ತಿದ್ದುದು ಅರ್ಜಿಯನ್ನಲ್ಲ, ಬಂದೂಕನ್ನು. ಪಾತಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡಳು. ಸೀಲು ಬಿದ್ದ ಅರ್ಜಿಯನ್ನು ಮೇಜಿನ ಮೇಲೇ ಬಿಟ್ಟು, ಸಂಜೆಯತನಕ ಈ ಸೀಟು ಯಾರಿಗೂ ಕೊಡಬೇಡಿ ಎಂದು ಹೇಳಿ, ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ನಡೆದಳು.

ರಸ್ತೆಯಲ್ಲಿ ಈರೇಶ ಕೆಂಡವಾದ. ಕೈಗೆ ಬಂದ ಸೀಟನ್ನು ಒದ್ದು ಬಂದೆಯಲ್ಲ, ನಿನಗೇನು ಹುಚ್ಚೇ ಎಂದು ರೇಗಿದ. ಪಾತಮ್ಮ ನಿಲ್ಲಲಿಲ್ಲ.

“ಇವತ್ತು ಇದನ್ನ ತೋರ್ಸಿ ಸೀಟು ತಗಂಡ್ರೆ, ನಾಳೆ ನೌಕರಿಗೂ ಇದನ್ನೇ ಹೊತ್ಕಂಡು ಹೋಗ್ತೀಯ. ಆಮೇಲೆ ಮಕ್ಳಿಗೆ ಏನು ಕಲಿಸ್ತೀಯ ಮಗಾ?”

ಮಗ ಹಿಂದೆ ಹಿಂದೆ ನಡೆದ. ಅವಳು ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ ಬಂದೂಕು ಒಪ್ಪಿಸಿದಳು. ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಎರಡು ಗಂಟೆ ಕೂರಿಸಿ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದ ಮೇಲೆ ಈರೇಶ ಸಣ್ಣ ದನಿಯಲ್ಲಿ, ಯಜಮಾನ ಕೇಳಿದರೆ ಏನು ಹೇಳುವುದು ಎಂದ.

“ಬೇಕಾದ್ರೆ ಅವನೇ ಬಂದು ಠಾಣೇಲಿ ಕೇಳ್ಲಿ.”

ಮತ್ತೆ ಕಾಲೇಜಿಗೆ ಬಂದಾಗ ಗಂಟೆ ನಾಲ್ಕಾಗಿತ್ತು. ತೋಟಪ್ಪನವರು ಮೊದಲು ಅವಳ ಕೈ ನೋಡಿದರು, ಆಮೇಲೆ ಹೆಗಲ ಮೇಲಿನ ಕಂಬಳಿ ನೋಡಿದರು. ಎರಡರಲ್ಲೂ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕುರ್ಚಿಗೆ ಒರಗಿದರು. ಅಮ್ಮ, ತಾಯಿ ಎಲ್ಲ ಎಲ್ಲಿ ಹೋದವೋ!

“ದುಡ್ಡು ತಂದಿದೀಯಾ?”

“ಇಲ್ಲ.”

“ಮತ್ತೆ ಯಾಕೆ ಬಂದೆ?”

ಪಾತಮ್ಮ ಹೆಗಲ ಕಂಬಳಿಯನ್ನು ಆಫೀಸಿನ ಬಾಗಿಲಿಗೆ ಅಡ್ಡಲಾಗಿ ಹಾಸಿ, ಸೆರಗು ಸುತ್ತಿಕೊಂಡು ಕೂತಳು. “ಆವಾಗ ಅದಕ್ಕೆ ಹೆದ್ರಿ ಕೊಟ್ರಿ. ಈಗ ನನ್ನ ಮಗನ ಮಾರ್ಕು ನೋಡಿ ಕೊಡ್ರಿ. ಕೊಡೋತನಕ ನಾನು ಏಳಂಗಿಲ್ಲ.”

ತೋಟಪ್ಪನವರು ಗದರಿದರು, ಗುಮಾಸ್ತನನ್ನು ಕೂಗಿದರು, ಕೊನೆಗೆ ಈರೇಶನ ಕಡೆ ತಿರುಗಿ ನಿಮ್ಮವ್ವನನ್ನು ಎಬ್ಬಿಸಿಕೊಂಡು ಹೋಗು ಎಂದರು. ಈರೇಶ ಅವರ ಮುಖ ನೋಡಿದ, ನೆಲದ ಮೇಲೆ ಕೂತ ತಾಯಿಯನ್ನು ನೋಡಿದ. ಚಪ್ಪಲಿ ಬಿಟ್ಟ.

“ಒಂಚೂರು ಅತ್ಲಾಗೆ ಜರುಗವ್ವ,” ಎಂದು ಪಕ್ಕದಲ್ಲಿ ಕೂತ.