ಚಹಾ ಮುಗಿದ ಮೇಲಿನ ಬಿಸ್ಕೀಟು

ಮೂರನೆಯ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ ಮುರುಗೆಪ್ಪ, “ಮದಿವ್ಯಾಗ ಹುಡುಗಿ ಕೈಯಾಗ ಈ ಪಾಟ್ಲಿ ಇರಬೇಕ್ರಿ. ನಮ್ಮದು ಅದೊಂದ ಮಾತು,” ಅಂದ. ಅವನ ಕಣ್ಣು ಹುಡುಗಿಯ ತಾಯಿ ಶಿವಗಂಗವ್ವನ ಕೈಯಲ್ಲಿದ್ದ ಬಂಗಾರದ ಬಳೆಗಳ ಮೇಲಿತ್ತು. ಇಂದಾಪುರದ ಈ ಬೆಲ್ಲದ ವ್ಯಾಪಾರಿ ಪುಣೆಗೆ ಬಂದದ್ದು ಮಗನಿಗೆ ಹೆಣ್ಣು ನೋಡಲಿಕ್ಕೆ. ಹೆಣ್ಣನ್ನು ಒಂದು ಸಲ ನೋಡಿದ. ಆಗಿನಿಂದ ನೋಡುತ್ತಿದ್ದದ್ದು ಪಾಟ್ಲಿಯನ್ನೇ.

ಶಿವಗಂಗವ್ವನ ಗಂಡ ನಿಜಲಿಂಗಪ್ಪ ಆಗಲೇ ಗೋಣು ಹಾಕತೊಡಗಿದ್ದ. ಪಾಪದ ಮನುಷ್ಯ. ರವಿವಾರ ಪೇಟೆಯ ತನ್ನ ಕುಪ್ಪಸದ ಖಣದ ಅಂಗಡಿಯಲ್ಲೂ ಗಿರಾಕಿ ಹೇಳಿದ್ದಕ್ಕೆಲ್ಲ ಹೀಗೆಯೇ ಗೋಣು ಹಾಕುವವನು. ಶಿವಗಂಗವ್ವನಿಗೆ ಸಿಟ್ಟು ಬಂತು. ಆ ಪಾಟ್ಲಿ ಅವಳ ಅವ್ವ ತನ್ನ ಕೈಯಿಂದ ತೆಗೆದು ಅವಳಿಗೆ ತೊಡಿಸಿದ್ದು. ಮುಂದೊಂದು ದಿನ ಮಗಳಿಗೇ ಕೊಡುವವಳಿದ್ದಳು, ಆದರೆ ಹೀಗೆ ಕೈ ಹಿಡಿದು ಕಿತ್ತುಕೊಳ್ಳುವವರಿಗಲ್ಲ.

“ಅಣ್ಣಾರ, ಮಾತು ಆಗಲೇ ಕೂಡೇದಲ್ರಿ. ಇನ್ನೇನ ಕೇಳ್ತೀರಿ?” ಅಂದಳು.

“ಎಲ್ಲಿ ಕೂಡೇದ್ರಿ?”

“ಸಿಹಿ ತಿಂದ್ರಲ್ಲ!”

ಇವರ ಜನರಲ್ಲಿ ಹಾಗೊಂದು ರೂಢಿ. ಮಾತು ಕೂಡುವ ತನಕ ಗಂಡಿನವರು ಹೆಣ್ಣಿನ ಮನೆಯಲ್ಲಿ ಸಿಹಿ ಮುಟ್ಟಬಾರದು. ಮುಟ್ಟಿದರೆ ಸಂಬಂಧ ಒಪ್ಪಿದ ಹಾಗೆ. ಆಮೇಲೆ ಒಂದು ಸೂಜಿಯನ್ನೂ ಕೇಳುವಂತಿಲ್ಲ. ಚಹಾದ ಚಟ ಬಂದಾಗ ಹಿರಿಯರು ಕೂತು ಅದರ ಸಕ್ಕರೆಯನ್ನು ಮಾಫಿ ಮಾಡಿದರು, ಯಾಕೆಂದರೆ ಅವರಿಗೂ ಚಹಾ ಬೇಕಿತ್ತು. ಬಿಸ್ಕೀಟಿನ ಬಗ್ಗೆ ಏನಾದರೂ ಹೇಳುವ ಮೊದಲೇ ಆ ಹಿರಿಯರೆಲ್ಲ ಲಿಂಗೈಕ್ಯರಾಗಿದ್ದರು. ಇವತ್ತು ನಿಜಲಿಂಗಪ್ಪ ಸುಧಾರಿಸಿದ ಮನೆ ಅನ್ನಿಸಿಕೊಳ್ಳಲಿ ಎಂದು ಪುಣೆ ಕ್ಯಾಂಪಿನ ಬೇಕರಿಯಿಂದ ಒಂದು ಪುಡಿಕೆ ಬಿಸ್ಕೀಟು ತಂದಿದ್ದ.

“ಬಿಸ್ಕೀಟ ಚಾದ ಜೋಡಿ ಬರೂದ್ರಿ ಅಕ್ಕಾರ. ಚಾ ಮಾಫಿ ಅಂದ್ರ ಬಿಸ್ಕೀಟೂ ಮಾಫಿ,” ಅಂದ ಮುರುಗೆಪ್ಪ.

“ಹಂಗಾರ ಚಾದ ಜೋಡಿ ಎಷ್ಟ ತಿನ್ನಬೇಕ್ರಿ?”

“ಒಂದ ತಿಂದ್ರ ಮನಿಯವರಿಗೆ ಬ್ಯಾಸರ. ಎರಡ ತಿನ್ನೂದು ಮರ್ಯಾದಿ. ಮೂರನೇದು…” ಮುರುಗೆಪ್ಪ ಕೈಯಲ್ಲಿದ್ದದ್ದನ್ನು ನೋಡಿದ. “ಮೂರನೇದು ನೀವು ಒತ್ತಾಯ ಮಾಡಿದ್ರಿ ಅಂತ.”

“ನಾ ಯಾವಾಗ ಮಾಡಿದೆ? ಇರಲಿ, ಮೂರೂ ಚಾದ ಲೆಕ್ಕಕ್ಕ ಬಿಟ್ಟೆ. ತಿನ್ರಿ, ತಿನ್ರಿ.”

ಗೆದ್ದೆ ಅಂದುಕೊಂಡ ಮುರುಗೆಪ್ಪ ಮೂರನೆಯದನ್ನು ನುಂಗಿದ, ಬಶಿಯಲ್ಲಿದ್ದ ಚಹಾವನ್ನು ಕೊನೆಯ ಹನಿಯತನಕ ಸುರ್ರನೆ ಹೀರಿದ. “ಹಂಗಾರ ಪಾಟ್ಲಿ ವಿಚಾರ…” ಎಂದು ಶುರುಮಾಡಿದ. ಚೌಕಾಸಿಗೆ ಕೂತಾಗ ಅವನ ಕೈ ಸುಮ್ಮನಿರುವುದಿಲ್ಲ. ಅದು ತಾನಾಗಿಯೇ ತಾಟಿಗೆ ಹೋಗಿ ಇನ್ನೊಂದು ಬಿಸ್ಕೀಟನ್ನು ತಂದು ಬಾಯಿಗೆ ಹಾಕಿತು.

ಶಿವಗಂಗವ್ವ ಅವನು ಅಗಿದು ನುಂಗುವ ತನಕ ತಾಳಿಕೊಂಡಳು. ಆಮೇಲೆ ಅವನ ಕಪ್ಪನ್ನೂ ಬಶಿಯನ್ನೂ ಎತ್ತಿ ಬೋರಲು ಮಾಡಿ ತೋರಿಸಿದಳು. “ಚಾ ಎಲ್ಲಿ ಅದರಿ ಅಣ್ಣಾರ? ಚಾ ಮುಗದ ಮ್ಯಾಲೆ ತಿಂದ ಬಿಸ್ಕೀಟು ಯಾರ ಲೆಕ್ಕಕ್ರಿ?”

ಮುರುಗೆಪ್ಪನ ಮುಖ ಹುಳ್ಳಗಾಯಿತು. ಆದರೆ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. “ಇದು ಸಿಹೀನ ಅಲ್ರಿ! ಈ ರೇಷನ್ ಕಾಲದಾಗ ಬೇಕರಿಯವ ಸಕ್ಕರಿ ಎಲ್ಲಿಂದ ತರ್ತಾನ? ಬರೇ ಹಿಟ್ಟು,” ಎಂದು, ಸಾಬೀತು ಮಾಡಲಿಕ್ಕೆ ಮತ್ತೊಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದ. ಬಹಳ ಹೊತ್ತು ಅಗಿದ.

“ಬೆಲ್ಲದ ವ್ಯಾಪಾರಸ್ಥರಿಗೆ ಸಿಹಿ ಯಾವುದು ಅಂತ ನಾವು ಹೇಳಬೇಕೇನ್ರಿ?” ಅಂದಳು ಶಿವಗಂಗವ್ವ.

ಪೇಚಿಗೆ ಸಿಕ್ಕ ಮುರುಗೆಪ್ಪ ಮಗನ ಕಡೆ ತಿರುಗಿದ. ಮದುವೆಯ ಗಂಡು ಶಿವರುದ್ರಪ್ಪ ಬಂದಾಗಿನಿಂದ ಗೋಡೆಗೆ ಒರಗಿಸಿಟ್ಟ ಛತ್ರಿಯ ಹಾಗೆ ಕೂತಿದ್ದ. ಚಹಾ ಒಂದನ್ನು ಬಿಟ್ಟರೆ ಅವನು ಬಾಯಿ ತೆರೆದದ್ದೇ ಇಲ್ಲ.

“ನೀ ತಿಂದು ಹೇಳೋ. ಸಪ್ಪಗ ಅದನೋ ಇಲ್ಲೋ?”

ಶಿವರುದ್ರಪ್ಪ ಒಂದು ಬಿಸ್ಕೀಟು ತೆಗೆದುಕೊಂಡ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಚನ್ನಬಸವ್ವನನ್ನು ನೋಡಿದ. ಕಚ್ಚಿದ.

“ಭಾಳ ಸಿಹಿ ಅದಪಾ,” ಅಂದ.

ನಿಜಲಿಂಗಪ್ಪ ತೊಡೆ ತಟ್ಟಿಕೊಂಡು ನಕ್ಕ. ಸೋತ ಮುರುಗೆಪ್ಪನೂ ವಿಧಿಯಿಲ್ಲದೆ ನಕ್ಕ. ಹೊಟ್ಟೆ ತುಂಬಿದ್ದರಿಂದ ನಗು ಅಷ್ಟೇನೂ ಕಹಿಯಾಗಿರಲಿಲ್ಲ. ಶಿವಗಂಗವ್ವ ಪಾಟ್ಲಿಗಳ ಮೇಲೆ ಸೆರಗು ಎಳೆದುಕೊಂಡಳು. ಅಬ್ಬ, ಉಳಿದುಕೊಂಡವು! ತಾಟಿನಲ್ಲಿ ಉಳಿದಿದ್ದ ಒಂದೇ ಒಂದು ಬಿಸ್ಕೀಟನ್ನು ಮಗಳ ಕೈಗಿಟ್ಟು, “ತಗೋವಾ, ನೀನೂ ಬಾಯಿ ಸಿಹಿ ಮಾಡ್ಕೋ,” ಅಂದಳು.

ಚನ್ನಬಸವ್ವ ಅದನ್ನು ಬಾಯಿಗೆ ಒಯ್ಯಲಿಲ್ಲ. ಶಿವರುದ್ರಪ್ಪನನ್ನು ನೆಟ್ಟಗೆ ನೋಡಿದಳು.

“ಒಂದ ಮಾತು ಕೇಳ್ತೀನ್ರಿ. ನಿಮ್ಮಪ್ಪಾರು ನಮ್ಮವ್ವನ ಪಾಟ್ಲಿ ಕೇಳಿದಾಗ ನಿಮ್ಮ ಬಾಯಾಗ ಬಿಸ್ಕೀಟ ಇರಲಿಲ್ಲಲ್ರಿ, ಮತ್ತ ಯಾಕ ಸುಮ್ಮನ ಕೂತ್ರಿ?”

ಅವಳು ಬಿಸ್ಕೀಟು ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತ ನಿಂತಳು. ಶಿವರುದ್ರಪ್ಪನ ಗಂಟಲಲ್ಲಿ ಒಣ ಬಿಸ್ಕೀಟು ಸಿಕ್ಕಿಕೊಂಡಿತು. ತಡಬಡಾಯಿಸಿ ಕಪ್ಪಿಗೆ ಕೈಹಾಕಿದ. ಚಹಾ ಮುಗಿದಿತ್ತು.