ಫ್ರಿಜ್ಜಿನ ಮೇಲಿನ ಕಾಗದ

"ನಿನ್ನ ಮುಖ ನಂಗೆ ಗೊತ್ತು ಕಂದ, ಆದ್ರೆ ನಿಯಮಕ್ಕೆ ಗೊತ್ತಿಲ್ವಲ್ಲ," ಎಂದರು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಮಿಸೆಸ್ ಟಟಲ್. "ಫೋಟೊ ಅಂಟಿಸಿದ ಆ ಕಾಗದ ಇಲ್ದೆ ಒಳಗೆ ಬಿಡೋ ಹಾಗಿಲ್ಲ."

ಕೆಜಾಯಾ ತಾಯಿಯ ಕಡೆ ತಿರುಗಿದಳು. "ಅಮ್ಮ, ಫ್ರಿಜ್ಜಿನ ಮೇಲಿಂದ ನೀನು ತಗೊಂಡೆ ಅಲ್ವಾ?"

"ಅಯ್ಯೋ, ಅಲ್ಲೇ ಬಿಟ್ಟು ಬಂದೆ ಅನ್ಸುತ್ತೆ," ಎಂದಳು ಲವಾನ್. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ತಿಳಿದಿರಲಿಲ್ಲ. ಕಾಗದ ಅವಳ ಕೈಚೀಲದ ತಳದಲ್ಲಿ, ಪರ್ಸಿನ ಕೆಳಗೆ, ನಾಲ್ಕು ಮಡಿಕೆಯಾಗಿ ಕೂತಿತ್ತು.

ಮನೆಯಲ್ಲೇ ಓದುವ ಹುಡುಗಿಗೆ ಶಾಲೆಯ ಗುರುತಿನ ಚೀಟಿ ಎಲ್ಲಿಂದ ಬರಬೇಕು? ಹದಿನೈದಕ್ಕೆ ಡ್ರೈವಿಂಗ್ ಲೈಸೆನ್ಸೂ ಇಲ್ಲ. ಅದಕ್ಕೇ ಆ ಕಾಗದ. ಮೇಲೆ ಕೆಜಾಯಾಳ ನಗುಮುಖದ ಫೋಟೊ, ಕೆಳಗೆ 'ಶಾಲೆಯ ಮುಖ್ಯಸ್ಥರು' ಎಂದಿದ್ದ ಕಡೆ ಲವಾನಳ ಸಹಿ, ಪಕ್ಕದಲ್ಲಿ ಬ್ಯಾಂಕಿನ ನೋಟರಿಯಿಂದ ಹಾಕಿಸಿದ ಮುದ್ರೆ. ಅದನ್ನು ತೋರಿಸಿಯೇ ಹುಡುಗಿ ನಾಲ್ಕು ಪರೀಕ್ಷೆ ಬರೆದು, ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಕಾಲೇಜಿನ ಹನ್ನೆರಡು ಕ್ರೆಡಿಟ್ ಗಳಿಸಿದ್ದಳು. ನಾಲ್ಕು ಸಲವೂ ಲವಾನ್ ಅದನ್ನು ಸುಕ್ಕಾಗದಂತೆ ದಪ್ಪ ಪುಸ್ತಕದೊಳಗೆ ಇಟ್ಟು ತಂದಿದ್ದಳು. ಇವತ್ತು ಏಕೆ ಮಡಚಿದೆ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಐದನೆಯದು ಅಮೆರಿಕದ ಇತಿಹಾಸ. ಅದು ಲವಾನಳ ವಿಷಯ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಚೊಚ್ಚಲ ಬಸಿರಿನಲ್ಲಿ ಕಾಲೇಜು ಬಿಟ್ಟಾಗ ಅವಳು ಎದ್ದು ಬಂದದ್ದು ಇತಿಹಾಸದ ತರಗತಿಯಿಂದಲೇ. ಈ ಚಳಿಗಾಲವೆಲ್ಲ ತಾಯಿ ಮಗಳು ಅಡುಗೆಮನೆಯ ಮೇಜಿನ ಮೇಲೆ ಒಂದೇ ಪುಸ್ತಕ ಹರವಿಕೊಂಡು ಓದಿದ್ದರು. ಒಲೆಯ ಮೇಲೆ ಬೀನ್ಸ್ ಬೇಯುವಷ್ಟರಲ್ಲಿ ಲವಾನ್ ನಾಳೆಯ ಅಧ್ಯಾಯವನ್ನೂ ಮುಗಿಸಿಬಿಡುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: 'ನಿಮ್ಮ ಕೆಜಾಯಾಗೆ ಅದೇನು ತಲೆ!' ಲವಾನ್ ನಕ್ಕು ತಲೆದೂಗುವಳು; ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತಿಕ್ಕುವಳು. ಇಂದು ಬೆಳಿಗ್ಗೆ ಪ್ಯಾನ್‌ಕೇಕ್ ಮಗುಚುತ್ತಾ ಪ್ರಶ್ನೆ ಕೇಳಿದಾಗ ಮಗಳು ಉತ್ತರದ ಜೊತೆಗೆ, "ಅಮ್ಮ, ನೀನು ಹೇಳಿದ ಇಸವಿ ತಪ್ಪು," ಎಂದು ತಿದ್ದಿದ್ದಳು. ಎದೆಯೊಳಗೆ ಏನೋ ಚುರ್ ಎಂದಿತ್ತು. ಬೇರೆ ಎಲ್ಲ ಇವಳಿಗಿರಲಿ, ಇದೊಂದು ಮಾತ್ರ ನನಗಿಂತ ಮೊದಲು ಇವಳಿಗೆ ಬೇಡ.

"ಮನೆಗೆ ಹೋಗಿ ತರ್ತೀನಿ ಅಂದ್ರೆ ಒಂದೂವರೆ ಗಂಟೆ ಬೇಕು. ನಾನು ಹತ್ತಕ್ಕೆ ಸರಿಯಾಗಿ ಬಾಗಿಲು ಹಾಕ್ಬೇಕು," ಎಂದರು ಮಿಸೆಸ್ ಟಟಲ್.

ಕೆಜಾಯಾಳ ಕಣ್ಣು ತುಂಬಿತು. ಆದರೂ ತಾಯಿಯ ತೋಳು ಸವರಿದಳು. "ಹೋಗ್ಲಿ ಬಿಡಮ್ಮ. ನನ್ನ ತಿಂಡಿ ಕಟ್ಟೋ ಗಡಿಬಿಡೀಲಿ ಮರೆತಿದ್ದೀಯ."

ಮಿಸೆಸ್ ಟಟಲ್ ಕನ್ನಡಕ ಏರಿಸಿ ಪಟ್ಟಿ ನೋಡಿದರು. "ಇತಿಹಾಸಕ್ಕೆ ಇನ್ನೊಂದು ಹೆಸರಿದೆಯಲ್ಲ. ಲವಾನ್ ಸ್ಟಕಿ. ಅವರು ಯಾರು?"

ಕೆಜಾಯಾಳ ಕಿವಿ ಕೆಂಪಾಯಿತು. "ಅಮ್ಮ. ಒಳಗೆ ಹೋಗೋ ಹೊತ್ತಲ್ಲಿ ಹೇಳೋಣ ಅಂತಿದ್ದೆ. ಹೆಂಗಿದ್ರೂ ಎರಡು ಗಂಟೆ ಈ ಬೆಂಚ್ ಮೇಲೆ ಕಾಲುಚೀಲ ಹೆಣೀತಾ ಕೂತಿರ್ತೀಯ. ಅದರ ಬದಲು ನೀನೂ ಪರೀಕ್ಷೆ ಬರೀಲಿ ಅಂತ ಮೊಟ್ಟೆ ಮಾರಿದ ದುಡ್ಡಲ್ಲಿ ಶುಲ್ಕ ಕಟ್ಟಿದೆ. ಆ ಪುಸ್ತಕಾನ ನನಗಿಂತ ಜಾಸ್ತಿ ಓದಿರೋಳು ನೀನು. ನಂಗೇನು ಗೊತ್ತಿಲ್ವಾ?"

"ನಾನಾ? ಈ ವಯಸ್ಸಲ್ಲಾ?"

"ಹೋದ ವಾರ ಅರವತ್ತು ದಾಟಿದ ಟ್ರಕ್ ಡ್ರೈವರ್ ಬಂದು ಬರೆದು ಹೋದ್ರು," ಎಂದರು ಮಿಸೆಸ್ ಟಟಲ್. "ನಿಮಗೆ ಡ್ರೈವಿಂಗ್ ಲೈಸೆನ್ಸ್ ಸಾಕು. ತೆಗೀರಿ, ಹೊತ್ತಾಯ್ತು."

"ಹೋಗಮ್ಮ, ಒಬ್ಬರಾದ್ರೂ ಬರೀಲಿ," ಎಂದಳು ಕೆಜಾಯಾ. ಕೆನ್ನೆ ಒರೆಸಿಕೊಂಡು ನಗಲು ನೋಡಿದಳು. "ನಾನು ಇಲ್ಲೇ ಇರ್ತೀನಿ. ಕಾಲುಚೀಲ ಹೆಣೆಯೋಕಂತೂ ಬರಲ್ಲ, ನೂಲಾದ್ರೂ ಸುತ್ತಿಡ್ತೀನಿ."

ಲವಾನ್ ಚೀಲದೊಳಗೆ ಕೈ ಹಾಕಿದಳು. ಬೆರಳಿಗೆ ಮೊದಲು ಸಿಕ್ಕಿದ್ದು ಪರ್ಸು. ಅದನ್ನಷ್ಟೇ ಎತ್ತಿಕೊಂಡರೆ ಸಾಕಿತ್ತು. ಹತ್ತೊಂಬತ್ತರಿಂದ ಅವಳು ಕಾದಿದ್ದ ಕುರ್ಚಿ ಬಾಗಿಲಿನ ಆಚೆಗೇ ಇತ್ತು. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಮೂರು ನಿಮಿಷ ಬಾಕಿ. ಕೈ ಅಲ್ಲೇ ನಿಂತಿತು. ಆಮೇಲೆ ಇನ್ನೂ ಕೆಳಗಿಳಿಯಿತು.

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು.

"ಇಲ್ಲೇ ಇತ್ತಲ್ಲಮ್ಮ, ಸದ್ಯ!" ಎಂದು ಮಿಸೆಸ್ ಟಟಲ್ ಪೆನ್ನು ಹುಡುಕತೊಡಗಿದರು.

ಕೆಜಾಯಾ 'ಸದ್ಯ' ಎನ್ನಲಿಲ್ಲ. ಒಂದೊಂದೇ ಮಡಿಕೆ ಬಿಚ್ಚಿದಳು. ಯಾವತ್ತೂ ಪುಸ್ತಕದೊಳಗೇ ಬರುತ್ತಿದ್ದ ಕಾಗದ.

"ನಮ್ಮಿಬ್ಬರಿಗೂ ಅಕ್ಕಪಕ್ಕದ ಜಾಗ ಕೊಡ್ತೀರಾ?" ಎಂದು ಮಿಸೆಸ್ ಟಟಲ್ ಅವರನ್ನು ಕೇಳಿದಳು, ತಾಯಿಯ ಕಡೆ ನೋಡದೆ. ಕೇಳುತ್ತಲೇ ಅಂಗೈಯಿಂದ ಕಾಗದವನ್ನು ತೀಡುತ್ತಿದ್ದಳು. ಎಷ್ಟು ತೀಡಿದರೂ, ಫೋಟೊದಲ್ಲಿ ನಗುತ್ತಿದ್ದ ಬಾಯಿಯ ನಟ್ಟನಡುವೆ ಬಿದ್ದ ಗೆರೆ ಹೋಗಲಿಲ್ಲ.