ಸಾತ್ವಿಕ್ ಸರ್ ಬರುತ್ತಾರೆ

‘ನಮ್ಮ ಸಾತ್ವಿಕ್ ಸರ್ ಅಗದಿ ಸಿಟ್ಟಾಗ್ಯಾರ್ರಿ. ನಿಮ್ಮ ಸಾಹೇಬರ ಜೋಡಿ ಎದುರಿಗೇ ಕೂತು ಮಾತಾಡೋದೈತಂತ,’ ಎಂದು ಹೇಮಂತ ಫೋನಿನಲ್ಲಿ ಬೆದರಿಸಿದ.

ಆ ಕಡೆಯಿಂದ ಬೀಜದಂಗಡಿಯ ಶಂಭುಲಿಂಗಪ್ಪ ಹೇಳಿದರು, ‘ಆಗಲಿ. ಗುರುವಾರ ಹತ್ತಕ್ಕ ಕರಕೊಂಡು ಬರ್ರಿ. ಸಾಹೇಬರೂ ಬರತಾರ.’

ಹೇಮಂತ ಫೋನಿಟ್ಟ. ಸಾತ್ವಿಕ್ ಸರ್ ಎಂಬವರು ಈ ಭೂಮಿಯ ಮೇಲೆ ಇರಲಿಲ್ಲ.

ಅವರನ್ನು ಹುಟ್ಟಿಸಿದ್ದು ಎಂಟು ತಿಂಗಳ ಹಿಂದೆ. ಕುಂದಗೋಳದ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಹೇಮಂತ, ರೋಹಿಣಿ, ತಬಸುಮ್ ಮೂವರೇ ಸೇರಿ ಗೇಮು, ವೆಬ್‌ಸೈಟು ಮಾಡುತ್ತಿದ್ದರು. ಕೆಳಗೆ ಗಿರಣಿ ಶುರುವಾದರೆ ಮೇಲೆ ಕಂಪ್ಯೂಟರು ನಡುಗುತ್ತಿದ್ದವು. ಕೈಯಲ್ಲಿ ನಾಲ್ಕು ಕೆಲಸ, ನಾಲ್ಕೂ ಅರ್ಧ. ಅವರ ಸ್ವಂತ ಗೇಮಿನಲ್ಲಿ ಕಣ್ಣಿ ಹರಿದುಕೊಂಡು ಓಡಬೇಕಿದ್ದ ಎಮ್ಮೆ ಎರಡು ವರ್ಷದಿಂದ ಒಂದು ಗೋಡೆಯೊಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಕುಳಿತರೆ ಹೈಸ್ಕೂಲಿನವರ ಫೋನು, ಹೈಸ್ಕೂಲಿನ ಕೆಲಸ ಹಿಡಿದರೆ ಕಲ್ಯಾಣ ಮಂಟಪದವರ ಫೋನು. ಗೇಮಿಗೆ ಬರೆದ ಕೋಡನ್ನೇ ಅವಸರದಲ್ಲಿ ಮಂಟಪದ ಸೈಟಿಗೂ ಅಂಟಿಸಿದ್ದರಿಂದ, ಖಾಲಿ ಇಲ್ಲದ ತಾರೀಖನ್ನು ಒತ್ತಿದ ಹೆಣ್ಣಿನ ತಂದೆಯೊಬ್ಬರಿಗೆ ‘ನೀವು ಸೋತಿರಿ, ಮತ್ತೆ ಆಡಿ’ ಎಂಬ ಉತ್ತರ ಬಂದಿತ್ತು.

ಆವತ್ತು ಮಂಟಪದವರು ರೇಗಿ ಫೋನು ಮಾಡಿದಾಗ ತಬಸುಮ್ ಬಾಯಿಂದ ಮೊದಲ ಸಲ ಆ ಮಾತು ಬಂತು. ‘ಸಾತ್ವಿಕ್ ಸರ್ ನೋಡಬೇಕ್ರಿ. ಅವರು ಹೂಂ ಅಂದಮ್ಯಾಲೇ ಮುಂದ.’

ಮಂತ್ರ ಹಾಕಿದಂತೆ ಗಿರಾಕಿ ತಣ್ಣಗಾದರು. ಮೂವರ ಮಾತಿಗೆ ಇಲ್ಲದ ಬೆಲೆ ಇಲ್ಲದವರ ಮಾತಿಗೆ ಸಿಕ್ಕಿತು. ಹೈಸ್ಕೂಲಿನ ಹೆಡ್ಮಾಸ್ತರರು ಸಾತ್ವಿಕ್ ಸರ್‌ಗೆಂದು ಫೇಡೆ ಕಳಿಸಿದರು. ಮೂವರೂ ಹಂಚಿಕೊಂಡು ತಿಂದರು.

ಶಂಭುಲಿಂಗಪ್ಪನವರದು ಎಲ್ಲಕ್ಕಿಂತ ದೊಡ್ಡ ಕೆಲಸ. ನವಲಗುಂದದ ಅವರ ಬೀಜದಂಗಡಿಗೆ ಒಂದು ಸೈಟು, ಜೊತೆಗೆ ರೈತರು ಫೋನಿನಲ್ಲೇ ಬಿತ್ತಿ ಬೆಳೆಯುವ ಒಂದು ಗೇಮು. ಆದರೆ ಬೀಜದ ಫೋಟೋ ಕೇಳಿದಾಗಲೆಲ್ಲ, ‘ಏಕನಾಥರಾವ್ ಸಾಹೇಬರು ನೋಡಬೇಕಪಾ’ ಎನ್ನುತ್ತಿದ್ದರು. ಸಾಹೇಬರು ಬೆಳಗಾವಿಯಲ್ಲಿರುವ ದೊಡ್ಡ ಪಾಲುದಾರರಂತೆ. ಮೂಗಿನ ತುದಿಯಲ್ಲೇ ಸಿಟ್ಟು. ಹಸಿರು ಇನ್ನಷ್ಟು ಹಸಿರಾಗಬೇಕೆಂದು ನಾಲ್ಕು ಸಲ ಬಣ್ಣ ಬದಲಿಸಲು ಹೇಳಿ ಕಳಿಸಿದ್ದರು. ಬೇಸತ್ತೇ ಹೇಮಂತ ಆ ಬೆದರಿಕೆಯ ಫೋನು ಮಾಡಿದ್ದ.

ಈ ಕೆಲಸ ತಪ್ಪಿದರೆ ಕೋಣೆಗೆ ಬೀಗ. ರೋಹಿಣಿ ಬಿ.ಎಡ್ ಅರ್ಜಿ ತುಂಬಿ ಇಟ್ಟುಕೊಂಡಿದ್ದಳು. ತಬಸುಮ್‌ಗೆ ಹುಬ್ಬಳ್ಳಿಯ ಮೊಬೈಲ್ ಅಂಗಡಿಯಲ್ಲಿ ಕುರ್ಚಿ ಕಾದಿತ್ತು.

‘ಖರೇ ಹೇಳಿಬಿಡೂಣು,’ ಎಂದಳು ತಬಸುಮ್.

‘ಎಂಟು ತಿಂಗಳ ಸುಳ್ಳು ಹೇಳೇವಿ ಅಂತನೂ ಹೇಳಬೇಕಾಗತೈತಿ,’ ಎಂದ ಹೇಮಂತ.

ಬುಧವಾರ ರೋಹಿಣಿ ಸಾತ್ವಿಕ್ ಸರ್ ಆಗಲು ಅಣ್ಣಿಗೇರಿಯಿಂದ ಪ್ರಭು ಎಂಬವರನ್ನು ಕರೆತಂದಳು. ಹಿಂದೆ ನಾಟಕ ಕಂಪನಿಯಲ್ಲಿದ್ದವರು, ಈಗ ಮದುವೆಗಳಲ್ಲಿ ಮೈಕು ಹಿಡಿದು ಸ್ವಾಗತ ಹೇಳುವವರು. ಅವರಿಗೆ ಮೂರೇ ಮಾತು ಕಲಿಸಿದರು: ‘ನೋಡೂಣು’, ‘ಟೀಮಿಗೆ ಹೇಳತೇನಿ’, ‘ಅದು ಎರಡನೇ ಹಂತದಾಗ’. ಬೇರೇನು ಕೇಳಿದರೂ ಕೆಮ್ಮಬೇಕು.

ಗುರುವಾರ ಬೀಜದಂಗಡಿಯ ಮೇಲ್ಮಹಡಿಯಲ್ಲಿ ಶಂಭುಲಿಂಗಪ್ಪ ಫ್ಯಾನಿನ ಕೆಳಗೇ ಬೆವರುತ್ತಿದ್ದರು. ಏಕನಾಥರಾವ್ ಬಂದರು. ಬಿಳಿ ಅಂಗಿ, ಗಿರಿಜಾ ಮೀಸೆ, ಕೋಣೆ ತುಂಬುವ ದನಿ. ಯಾರೂ ಹೇಳುವ ಮೊದಲೇ ನಡುವಿನ ಕುರ್ಚಿಯಲ್ಲಿ ಕುಳಿತರು. ಪ್ರಭುವನ್ನು ಕಂಡು ಒಂದು ಕ್ಷಣ ಹುಬ್ಬು ಗಂಟಿಕ್ಕಿದರು. ‘ಇವರೇ ಸಾತ್ವಿಕ್ ಸರ್,’ ಎಂದು ಹೇಮಂತ ಅವಸರದಲ್ಲಿ ಪರಿಚಯಿಸಿದ.

ತಬಸುಮ್ ಲ್ಯಾಪ್‌ಟಾಪ್ ತೆರೆದಳು.

‘ಅದನ್ನ ಮುಚ್ಚವಾ,’ ಎಂದರು ಏಕನಾಥರಾವ್. ‘ನಾ ಮನಷ್ಯಾರನ್ನ ನೋಡಿ ವ್ಯವಹಾರ ಮಾಡಾಂವ.’ ಪ್ರಭು ಕಡೆ ತಿರುಗಿದರು. ‘ಸರ್ವರ್ ಎಲ್ಲಿಟ್ಟೀರಿ?’

ಪ್ರಭು ಕೆಮ್ಮಲಿಲ್ಲ. ‘ಭದ್ರ ಜಾಗಾದಾಗ.’

‘ಕೀಲಿ?’

‘ನನ್ನ ಕಡೇನ ಐತಿ.’

ರೋಹಿಣಿ ಕಣ್ಣು ಮುಚ್ಚಿಕೊಂಡಳು. ಏಕನಾಥರಾವ್ ಮಾತ್ರ ತೃಪ್ತಿಯಿಂದ ತಲೆ ಆಡಿಸಿದರು.

ಆಮೇಲೆ ಪ್ರಭು ಎದ್ದು ನಿಂತರು. ಇದನ್ನು ಯಾರೂ ಕಲಿಸಿರಲಿಲ್ಲ. ‘ಹೇಮಂತ, ಹದಿನೈದು ದಿನದಾಗ ಇವರ ಕೆಲಸ ಮುಗೀಬೇಕು. ಅಲ್ಲೀತನಕ ಬ್ಯಾರೆ ಯಾವುದನ್ನೂ ಮುಟ್ಟಬ್ಯಾಡ್ರಿ.’

ಏಕನಾಥರಾವ್ ಕೂಡ ಎದ್ದರು. ‘ಶಂಭುಲಿಂಗಪ್ಪ, ನಾಳೆ ಸಂಜಿಯೊಳಗ ಎಲ್ಲಾ ಬೀಜದ ಫೋಟೋ ಈ ಹುಡುಗರ ಕೈಯಾಗ ಇರಬೇಕು. ಬಣ್ಣದ ಮಾತು ಇನ್ನ ಬ್ಯಾಡ.’

ಹೇಮಂತನ ಮುಖ ಬಿಳುಚಿತು. ಶಂಭುಲಿಂಗಪ್ಪನವರದು ಅದಕ್ಕಿಂತ ಹೆಚ್ಚು. ಇಬ್ಬರಿಗೂ ‘ಹೂಂ’ ಎನ್ನದೆ ದಾರಿ ಇರಲಿಲ್ಲ.

ಫೋಟೋ ಮರುದಿನವೇ ಬಂದವು. ಉಳಿದ ಗಿರಾಕಿಗಳಿಗೆ ರೋಹಿಣಿ ತನ್ನ ಹೆಸರಿನಲ್ಲೇ ಫೋನು ಮಾಡಿ, ‘ಈ ತಿಂಗಳು ಆಗೂದಿಲ್ರಿ, ಮುಂದಿನ ತಿಂಗಳು ಕೊಡತೇವಿ’ ಎಂದಳು. ಒಬ್ಬರೂ ಕೆಲಸ ವಾಪಸು ಕೇಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿ ಮೂವರೂ ಒಂದೇ ಕೆಲಸಕ್ಕೆ ಕುಳಿತರು. ಹದಿನಾಲ್ಕನೆಯ ದಿನವೇ ಅದು ಮುಗಿಯಿತು.

ಉದ್ಘಾಟನೆಗೆ ಇಬ್ಬರು ದೊಡ್ಡವರೂ ಬಂದರು. ಅಕ್ಕಪಕ್ಕ ಕುಳಿತು ಮಿರ್ಚಿ ತಿಂದರು. ಶಂಭುಲಿಂಗಪ್ಪ ಇಬ್ಬರಿಗೂ ಶಾಲು ಹೊದಿಸಿದರು. ಕೆಲಸ ಮಾಡಿದ ಮೂವರನ್ನು ಚಹಾ ಹಂಚಲು ಹಚ್ಚಿದರು.

ಕಾರ್ಯಕ್ರಮ ಮುಗಿದ ಮೇಲೆ ಹೇಮಂತ ಪ್ರಭುವನ್ನು ಬಸ್ಸಿಗೆ ಬಿಡಲು ಹೋದ. ‘ನಿಮ್ಮ ಉಪಕಾರ ಮರಿಯೂದಿಲ್ರಿ. ಆದ್ರ ಖರೇ ಹೇಳಬೇಕಂದ್ರ, ನಾವು ಅಂಜಿ ಕೆಲಸ ಮಾಡಿದ್ದು ಏಕನಾಥರಾವ್ ಅವರಿಗೆ. ಅಂಥ ಖರೇ ಮಾಲೀಕರು ನಮಗೊಬ್ಬರು ಬೇಕಾಗಿತ್ತು.’

‘ಬೇಕಾದಾಗ ಹೇಳ್ರಿ, ಕರಕೊಂಡು ಬರತೇನಿ,’ ಎಂದು ಪ್ರಭು ಬಸ್ಸು ಹತ್ತಿದರು. ‘ಅವನ ಖರೇ ಹೆಸರು ಸುಭಾಸ. ನಾವಿಬ್ಬರೂ ಒಂದ ಕಂಪನಿಯವರು. ಹದಿನೆಂಟು ವರ್ಷ ಅವ ದುರ್ಯೋಧನ, ನಾ ಭೀಮ.’